ಮಂಡಕ್ಕಿಗೆ ಬಗ್ಗಿದ ಹುಡುಗರು

"ನಿಮ್ಮಲ್ಲಿ ಸಂಜಿ ಹೊತ್ತು ಫ್ಯಾನಿನ ಸದ್ದು ಬಿಟ್ರೆ ಏನೂ ಕೇಳಲ್ವಂತೆ, ಏನ್ ಮಾಡಿದ್ರಿ ಮೇಡಂ?" ಅಂತ ಹೋದ ತಿಂಗಳ ಸಭೆಯಲ್ಲಿ ಕೇಳಿದವರು, ಎರಡು ವರ್ಷದ ಹಿಂದೆ "ಗ್ರಂಥಾಲಯ ಮುಚ್ಚಿ ಹೋಟ್ಲು ಇಡ್ತೀರೇನ್ರಿ" ಅಂತ ನಕ್ಕವರೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ದಾವಣಗೆರೆ ಸೀಮೆಯ ಪಂಚಾಯಿತಿ ಗ್ರಂಥಾಲಯ. 2020ರ ನವೆಂಬರಿನಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಪುಕ್ಕಟೆಯಾಯಿತಲ್ಲ, ಚಿಕ್ಕ ಮಕ್ಕಳದ್ದೇನೂ ತಕರಾರಿರಲಿಲ್ಲ. ಕಾಟ ಕೊಟ್ಟಿದ್ದು ಮೀಸೆ ಚಿಗುರಿದವರು. ಒಂದು ಕಡೆ ಪಿಸಿ (ಪೊಲೀಸ್ ಕಾನ್‌ಸ್ಟೆಬಲ್), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದುವವರು, ಪಕ್ಕದಲ್ಲೇ ಇವರ ರೀಲ್ಸು, ಕೇಕೆ.

ಮೊದಲು 350 ರೂಪಾಯಿ ಕೊಟ್ಟು "ಶಬ್ದ ಮಾಡಬೇಡಿ" ಅಂತ ಬೋರ್ಡು ಬರೆಸಿದೆ. ವಾರದೊಳಗೆ ನಡುವಿನ ಎರಡಕ್ಷರ ಕೆರೆದು "ಶಬ್ದ ಮಾಡಿ" ಮಾಡಿಟ್ಟರು. ವೈಫೈ ಪಾಸ್‌ವರ್ಡ್ ಬದಲಿಸಿದೆ, ಎರಡು ದಿನಕ್ಕೆ ಪತ್ತೆ ಹಚ್ಚಿದರು. ನಾಲ್ವರಿಗೆ ಒಂದು ವಾರ ಬರಬೇಡಿ ಅಂದೆ. ಅವರ ಹಿಂದೆ ಹನ್ನೆರಡು ಜನ ಹೋದರು, ಹಾಜರಿ ಪುಸ್ತಕ ಬಡವಾಯಿತು, ಪರೀಕ್ಷೆಯವರ ಚಪ್ಪಲಿ ಬೇವಿನ ಮರ ಹತ್ತಿದವು.

ಕೊನೆಗೆ ಒಬ್ಬನ ಅಪ್ಪನಿಗೆ ಹೇಳಿದೆ. ಆ ಮನುಷ್ಯ ಬಂದವನೇ ಎಲ್ಲರೆದುರು ಹುಡುಗನ ಕೆನ್ನೆಗೆ ಬಾರಿಸಿದ. ಆ ಹುಡುಗ ಮತ್ತೆ ಬರಲಿಲ್ಲ. ಅವನ ಹೆಸರಲ್ಲಿ ಇನ್ನೂ ಒಂದು ಪುಸ್ತಕ ಬಾಕಿ ಇದೆ, ನಾನು ಕೇಳಿಲ್ಲ. ಅವತ್ತಿನಿಂದ ಮನೆಯವರಿಗೆ ದೂರು ಹೇಳುವುದನ್ನು ಬಿಟ್ಟೆ.

ಆಮೇಲೆ ಸುಮಾರು ಮೂರು ವಾರ, ಗಲಾಟೆ ಎದ್ದಾಗೆಲ್ಲ ಪತ್ರಿಕೆ ರಿಜಿಸ್ಟರಿನ ಹಿಂದೆ ಹೊತ್ತು ಬರೆದಿಟ್ಟೆ. ಎಲ್ಲಾ ನಾಲ್ಕೂವರೆಯಿಂದ ಐದೂಕಾಲರೊಳಗೆ. ಅದರಲ್ಲೂ ಪಿಯುಸಿಯವರದ್ದೇ ಜಾಸ್ತಿ. ಹತ್ತನೇ ಕ್ಲಾಸಿನ ತನಕ ಬಿಸಿಯೂಟ ಇದೆ, ಪಿಯುಸಿಗೆ ಇಲ್ಲ. ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೋದವರು ಸಂಜೆ ಬಂದರೆ ಹೊಟ್ಟೆ ತಾಳ ಹಾಕದೆ ಇನ್ನೇನು!

ದಾವಣಗೆರೆ ಮಂಡಕ್ಕಿ ಭಟ್ಟಿಗಳ ಊರು, ಅದಕ್ಕೇನು ಬರ? ಜಗಲಿಯಲ್ಲಿ ಒಂದು ಬುಟ್ಟಿ ಮಂಡಕ್ಕಿ ಇಟ್ಟೆ. ಕೇರಂ ಬೋರ್ಡನ್ನೂ ಮೊಬೈಲ್ ಚಾರ್ಜಿನ ಪ್ಲಗ್ಗನ್ನೂ ಅಲ್ಲಿಗೇ ತಂದೆ. ಐದರ ತನಕ ಎಷ್ಟು ಬೇಕಾದರೂ ಕೂಗಾಡಿ. ಗಂಟೆ ಹೊಡೆದ ಮೇಲೆ ಕೈ ತೊಳೆದು ಒಳಗೆ, ಇಲ್ಲ ಮನೆಗೆ.

ಮೊದಲ ತಿಂಗಳು ನನ್ನ ಕೈಯಿಂದಲೇ ಆರೇಳು ನೂರು ಹೋಯಿತು. ಮನೆಯಲ್ಲಿ ಮಾತು ಕೇಳಿದ್ದು ಬೇರೆ. ಉಮೇದಿನಲ್ಲಿ ಒಗ್ಗರಣೆ ಹಾಕಿ ಕೊಟ್ಟಿದ್ದೆ. ಪುಸ್ತಕಕ್ಕೆ ಎಣ್ಣೆ ಕಲೆ, ಕಪಾಟಿಗೆ ಇರುವೆ, ಇಲಿ ಬಂದು ಹಳೇ ವಾರಪತ್ರಿಕೆಗಳ ಬೈಂಡನ್ನೇ ಕಡಿಯಿತು. ಈಗ ಬರೀ ಮಂಡಕ್ಕಿ, ಹುರಿಗಡಲೆ, ಚೂರು ಉಪ್ಪು. ಎರಡು ತಿಂಗಳಿಗೆ ಗಲಾಟೆ ಮುಕ್ಕಾಲು ಪಾಲು ಇಳಿಯಿತು. ಗಂಟೆ ಹೊಡೆಯೋದು ನಾನಲ್ಲ, ಅವರಲ್ಲೇ ಒಬ್ಬ. ಯಾರನ್ನು, ಹೇಗೆ ಆರಿಸುತ್ತೇನೆ ಅನ್ನೋದನ್ನು ಮಾತ್ರ ಬರೆಯಲ್ಲ, ನಮ್ಮ ಹುಡುಗರೂ ಇದನ್ನು ಓದುತ್ತಾರೆ.

ನಡುವೆ ಇನ್ನೊಂದು ಮಾಡಿ ನೋಡಿದೆ. ಕೇರಂ ಬರೀ ಹುಡುಗರ ಪಾಲಾಗುತ್ತಿದೆ ಅಂತ ಬುಧವಾರ, ಶನಿವಾರ ಹುಡುಗಿಯರಿಗೆ ಬಿಟ್ಟೆ. ಅಯ್ಯೋ, ಅವರ ಗಲಾಟೆ ಮುಂದೆ ಹುಡುಗರೇ ವಾಸಿ. ಆದರೂ ನಿಲ್ಲಿಸಿಲ್ಲ, ಹುಡುಗಿಯರ ಸದಸ್ಯತ್ವ ಹತ್ತಿರತ್ತಿರ ದುಪ್ಪಟ್ಟಾಗಿದೆ.

ಈಗ ಬುಟ್ಟಿ ಖಾಲಿ ಮಾಡೋದರಲ್ಲಿ ಪಿಸಿ ಪರೀಕ್ಷೆಯವರೇ ಮುಂದು. ಅವರಿಂದ ತಿಂಗಳಿಗೆ ತಲಾ 20 ರೂಪಾಯಿ ಎತ್ತುತ್ತೇನೆ. ಮೂವರದ್ದು ಇನ್ನೂ ಬಾಕಿ.