ಹಳೆಯ ಸ್ಯಾಂಪ್ಲರ್ ಹೊಲಿದ ಹುಡುಗಿ ಯಾರು? ಪತ್ತೆ ಹಚ್ಚುವ ಬಗೆ

ಇಂಗ್ಲೆಂಡ್, ಸ್ಕಾಟ್ಲೆಂಡ್, ಅಮೆರಿಕದ ಶಾಲಾ ಹುಡುಗಿಯರು 18 ಮತ್ತು 19ನೇ ಶತಮಾನದಲ್ಲಿ ಹೊಲಿದ ಸ್ಯಾಂಪ್ಲರ್‌ಗಳಲ್ಲಿ, ಅಂದರೆ ಕಸೂತಿ ಕಲಿಯಲು ಮಾಡಿದ ಮಾದರಿ ಬಟ್ಟೆಗಳಲ್ಲಿ, ಅಕ್ಷರಮಾಲೆ, ಅಂಕಿಗಳು, ಒಂದು ಪದ್ಯ, ಸುತ್ತ ಬಳ್ಳಿಯ ಅಂಚು, ಕೆಳಗೆ ಹೆಸರು, ವಯಸ್ಸು, ಇಸವಿ ಇರುವುದು ವಾಡಿಕೆ. ಹೆಸರು ಕಂಡ ಕೂಡಲೇ ವಂಶಾವಳಿ ಜಾಲತಾಣಕ್ಕೆ ಓಡುವವರೇ ಹೆಚ್ಚು. ಅಲ್ಲಿ ಅದೇ ಹೆಸರಿನ ಹತ್ತಾರು ಹುಡುಗಿಯರು ಸಿಗುತ್ತಾರೆ, ಮೊದಲು ಸಿಕ್ಕವಳೇ ಇವಳೆಂದು ತೀರ್ಮಾನವಾಗಿಬಿಡುತ್ತದೆ. ಅವರಲ್ಲಿ ಯಾರನ್ನು ಬಿಡಬೇಕು, ಯಾರನ್ನು ಉಳಿಸಿಕೊಳ್ಳಬೇಕು ಎನ್ನುವ ಸುಳಿವು ಬಟ್ಟೆಯಲ್ಲೇ ಇರುತ್ತದೆ. ಹಾಗಾಗಿ ಬಟ್ಟೆ ಓದಿ ಮುಗಿಯುವ ತನಕ ದಾಖಲೆಗೆ ಕೈ ಹಾಕಬೇಡಿ.

ಚೌಕಟ್ಟು ಬಿಚ್ಚುವ ಮುಂಚೆ ಹಿಂಬದಿಯ ಫೋಟೊ ತೆಗೆಯಿರಿ. ಚೌಕಟ್ಟು ಹಾಕಿದ ಅಂಗಡಿಯ ಚೀಟಿ, ಯಾರದೋ ಕೈಬರಹ, ಹರಾಜಿನ ಸಂಖ್ಯೆ ಎಲ್ಲವೂ ಮುಂದೆ ಬೇಕಾಗುತ್ತವೆ. ಬಟ್ಟೆಯನ್ನು ಹಲಗೆಗೆ ಅಂಟಿಸಿದ್ದರೆ ಅಥವಾ ತುಕ್ಕು ಹಿಡಿದ ಮೊಳೆ ಎಳೆಗಳಿಗೆ ಕಚ್ಚಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಜವಳಿ ಸಂರಕ್ಷಕರ ಕೆಲಸ. ಎಷ್ಟೇ ಕೊಳೆಯಾಗಿ ಕಂಡರೂ ತೊಳೆಯಬೇಡಿ. ಕೆಂಪು ಬಣ್ಣ ಬಿಟ್ಟುಕೊಂಡು ಲಿನನ್‌ಗೆ ಹತ್ತಬಹುದು. ಕಪ್ಪು, ಗಾಢ ಕಂದು ರೇಷ್ಮೆ ದಾರಕ್ಕೆ ಬಣ್ಣ ನಿಲ್ಲಲು ಕಬ್ಬಿಣದ ಉಪ್ಪು ಬಳಸುತ್ತಿದ್ದರು. ಆ ಕಬ್ಬಿಣವೇ ಕಾಲಕ್ರಮೇಣ ರೇಷ್ಮೆಯನ್ನು ತಿಂದು ಪುಡಿಯಾಗಿಸುತ್ತದೆ, ನೀರು ತಾಗಿದರೆ ಉಳಿದದ್ದೂ ಹೋದೀತು.

ಬಟ್ಟೆ ಸಲೀಸಾಗಿ ಹೊರಬಂದರೆ ಎರಡೂ ಬದಿಯನ್ನು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಹಿಂಬದಿಗೆ ಬೆಳಕು ಬಿದ್ದಿರುವುದಿಲ್ಲವಾದ್ದರಿಂದ ಮೂಲ ಬಣ್ಣ ಅಲ್ಲೇ ಉಳಿದಿರುತ್ತದೆ. ಆಮೇಲೆ ದೀಪವನ್ನು ಪಕ್ಕದಿಂದ, ಬಟ್ಟೆಯ ಮಟ್ಟಕ್ಕೆ ಹಿಡಿದು ಇನ್ನೊಂದು ಸುತ್ತು ಫೋಟೊ. ದಾರ ಉದುರಿದ ಕಡೆ ಸೂಜಿಯ ತೂತುಗಳು ಆಗ ಎದ್ದು ಕಾಣುತ್ತವೆ. ಇಸವಿಯ ಕೊನೆಯ ಎರಡು ಅಂಕಿ ಮಾತ್ರ ಇಲ್ಲದಿದ್ದರೆ ದಾರ ತಾನಾಗಿ ಉದುರಿತೆಂದು ನಂಬಬೇಡಿ: ದೊಡ್ಡವಳಾದ ಮೇಲೆ ತನ್ನ ವಯಸ್ಸು ತಿಳಿಯದಿರಲೆಂದು ಹೊಲಿದವಳೇ ಅವನ್ನು ಬಿಚ್ಚಿ ತೆಗೆಯುತ್ತಿದ್ದದ್ದುಂಟು. ಮೇಲಿನ ಸಾಲಿನಲ್ಲಿ ಅವಳೇ ಹೊಲಿದ ಅಂಕಿಗಳಿದ್ದರೆ ಅವೇ ಅಚ್ಚು. ಪ್ರತಿ ಅಂಕಿಗೂ ಎಷ್ಟು ಎಳೆ ಅಗಲ, ಎಷ್ಟು ಎತ್ತರ ಎಂದು ಹಾಸು ಹೊಕ್ಕು ಎಣಿಸಿ, ಉಳಿದ ತೂತುಗಳ ಮೇಲೆ ಕೂಡಿಸಿ ನೋಡಿ. 3, 8ರ ನಡುವೆ ಮಾತ್ರ ಗೊಂದಲವಾಗುವುದು ಹೆಚ್ಚು.

ಓದುವಾಗ ಎಡವುವ ಜಾಗಗಳು ಗೊತ್ತಿರಲಿ. ಹಳೆಯ ಅಕ್ಷರಮಾಲೆಗಳಲ್ಲಿ ಹಲವೆಡೆ ಜೆ ಮತ್ತು ಯು ಇರುವುದೇ ಇಲ್ಲ. ಐ ಅಕ್ಷರವೇ ಜೆ, ವಿ ಅಕ್ಷರವೇ ಯು. ಆದ್ದರಿಂದ ಐ ಎಂಬ ಮೊದಲಕ್ಷರ ಜಾನ್, ಜೇಮ್ಸ್, ಜೇನ್ ಯಾರದ್ದೂ ಆಗಬಹುದು. ಪದದ ನಡುವಿನ ಉದ್ದನೆಯ ಎಸ್ ನೋಡಲು ಎಫ್‌ನಂತಿರುತ್ತದೆ. ವಯಸ್ಸಿನ ವಾಕ್ಯವನ್ನಂತೂ ಪದ ಪದ ಓದಿ. ‘10 ವರ್ಷ’ ಎಂದಿದ್ದು ಇಸವಿ 1797 ಇದ್ದರೆ ಜನನ 1786 ಅಥವಾ 1787. ‘ತನ್ನ 10ನೇ ವರ್ಷದಲ್ಲಿ’ ಎಂದಿದ್ದರೆ ಅವಳಿಗೆ ಆಗಿರುವುದು 9 ಮಾತ್ರ, ಜನನ 1787 ಅಥವಾ 1788. ಇಂಗ್ಲೆಂಡ್‌ನಲ್ಲೂ ಅದರ ವಸಾಹತುಗಳಲ್ಲೂ 1752ಕ್ಕಿಂತ ಮುಂಚೆ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಆ ಕಾಲದ ಜನವರಿ 1ರಿಂದ ಮಾರ್ಚ್ 24ರವರೆಗಿನ ತಾರೀಕುಗಳಿಗೆ ಒಂದು ವರ್ಷ ಕೂಡಿಸಿಕೊಳ್ಳಬೇಕು. ಸ್ಕಾಟ್ಲೆಂಡ್ 1600ರಲ್ಲೇ ಜನವರಿ 1ಕ್ಕೆ ಬದಲಾಗಿತ್ತು.

ಬಟ್ಟೆಯ ಮೇಲಿನ ಹೆಸರೆಲ್ಲ ಹೊಲಿದವಳದ್ದಲ್ಲ. ಬ್ರಿಟನ್ನಿನಲ್ಲಿ ಇಸವಿ ಇರುವ ಅತಿ ಹಳೆಯ ಸ್ಯಾಂಪ್ಲರ್ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 1598ರಲ್ಲಿ ಹೊಲಿದವಳು ಜೇನ್ ಬೊಸ್ಟಾಕ್, ಅದರಲ್ಲಿ ದಾಖಲಾಗಿರುವುದು 1596ರ ನವೆಂಬರ್ 23ರಂದು ಹುಟ್ಟಿದ ಆಲಿಸ್ ಲೀಯ ಜನನ. ಶಾಲಾ ಕೆಲಸಗಳಲ್ಲಿ ಶಿಕ್ಷಕಿಯ ಹೆಸರೂ ಇದ್ದೀತು. ಸ್ಕಾಟ್ಲೆಂಡಿನ ಸ್ಯಾಂಪ್ಲರ್ ಆದರೆ ನಿಮ್ಮ ಅದೃಷ್ಟ ಎನ್ನಬೇಕು, ತಂದೆ, ತಾಯಿ, ಅಜ್ಜ, ಅಜ್ಜಿ, ಒಡಹುಟ್ಟಿದವರ ಮೊದಲಕ್ಷರಗಳು ಜೋಡಿ ಜೋಡಿಯಾಗಿ ಸಿಗುತ್ತವೆ. ಅಲ್ಲಿ ಮದುವೆಯಾದ ಹೆಣ್ಣಿಗೂ ತವರಿನ ಮನೆತನದ ಹೆಸರೇ ದಾಖಲೆಯಲ್ಲಿ ಉಳಿಯುತ್ತಿದ್ದರಿಂದ ತಾಯಿಯ ತವರು ಕೂಡ ತಿಳಿಯುತ್ತದೆ. ಕಪ್ಪು ದಾರದ ಅಕ್ಷರ ತೀರಿಕೊಂಡವರದ್ದು ಎಂಬ ಮಾತನ್ನು ಹಿಂಬದಿಯ ಬಣ್ಣ ನೋಡಿದ ಮೇಲಷ್ಟೇ ಬಳಸಿ, ಮುಂಬದಿಯಲ್ಲಿ ಬಣ್ಣ ಬದಲಾಗಿರಬಹುದು.

ಪದ್ಯದಿಂದ ಊರು ಸಿಗುವುದಿಲ್ಲ. ಒಂದೇ ಪದ್ಯ ನೂರಾರು ಶಾಲೆಗಳಲ್ಲಿ ಓಡಾಡಿದೆ. ವಿನ್ಯಾಸ ಸ್ವಲ್ಪ ಹೆಚ್ಚು ಹೇಳುತ್ತದೆ. ಪದಕದಂಥ ಅಷ್ಟಕೋನದ ಚಿತ್ತಾರಗಳು, ಅಂಚಿಗೆ ಅವುಗಳ ಅರ್ಧ ಭಾಗಗಳು ಕ್ವೇಕರ್ ಎಂಬ ಕ್ರೈಸ್ತ ಪಂಥದ ಶಾಲೆಯ ಗುರುತು. ಯಾರ್ಕ್‌ಷೈರ್‌ನ ಆ್ಯಕ್‌ವರ್ತ್ ಶಾಲೆ 1779ರಲ್ಲಿ, ಪೆನ್ಸಿಲ್ವೇನಿಯಾದ ವೆಸ್ಟ್‌ಟೌನ್ 1799ರಲ್ಲಿ ಶುರುವಾದವು. ಕ್ವೇಕರರಲ್ಲಿ ದೀಕ್ಷಾಸ್ನಾನವೇ ಇಲ್ಲವಾದ್ದರಿಂದ ಚರ್ಚಿನ ಪುಸ್ತಕದಲ್ಲಿ ಹುಡುಕಿ ಸುಸ್ತಾಗುವ ಬದಲು ಅವರದೇ ಜನನ ದಾಖಲೆ ನೋಡಿ. ಕೆಂಪು ಹತ್ತಿ ದಾರದಲ್ಲಿ ಸಾಲು ಸಾಲಾಗಿ ತೀರ ಸಣ್ಣ ಅಕ್ಷರಮಾಲೆಗಳಿದ್ದರೆ ಬ್ರಿಸ್ಟಲ್‌ನ ಮುಲ್ಲರ್ ಅನಾಥಾಲಯದ ಕೆಲಸವೇ ಎಂದು ಪರೀಕ್ಷಿಸಿ.

ಇನ್ನು ದಾಖಲೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದದ್ದು 1837ರ ಜುಲೈ 1ಕ್ಕೆ. ಅದಕ್ಕೂ ಹಿಂದಿನದಕ್ಕೆ ಪ್ಯಾರಿಷ್ ಪುಸ್ತಕವೇ, ಅಂದರೆ ಆಯಾ ಊರಿನ ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿಯ ದಾಖಲೆಯೇ ಗತಿ. ಲೆಕ್ಕ ಹಾಕಿದ ಜನನ ವರ್ಷಕ್ಕೆ ಹಿಂದೆ ಒಂದು, ಮುಂದೆ ಐದು ವರ್ಷ ಸೇರಿಸಿ ಹುಡುಕಿ, ಏಕೆಂದರೆ ಮೂರ್ನಾಲ್ಕು ಮಕ್ಕಳಿಗೆ ಒಟ್ಟಿಗೆ ದೀಕ್ಷಾಸ್ನಾನ ಮಾಡಿಸುವುದೂ ಇತ್ತು. ಸಿಕ್ಕ ಎಲ್ಲ ಹುಡುಗಿಯರನ್ನೂ ಪಟ್ಟಿ ಮಾಡಿ, ಆಮೇಲೆ ಅಳಿಸುತ್ತಾ ಬನ್ನಿ. ಸ್ಯಾಂಪ್ಲರ್‌ನ ಇಸವಿಗಿಂತ ಮುಂಚೆ ಸಮಾಧಿ ಪುಸ್ತಕದಲ್ಲಿ ಕಾಣಿಸಿಕೊಂಡವರು ಮೊದಲು ಹೋಗುತ್ತಾರೆ. ಮೊದಲಕ್ಷರಗಳಿಗೆ ಒಡಹುಟ್ಟಿದವರು ಹೊಂದದವರು ಆಮೇಲೆ. 1813ರಿಂದ ದೀಕ್ಷಾಸ್ನಾನದ ಪುಸ್ತಕ ಅಚ್ಚಾದ ನಮೂನೆಯಲ್ಲಿದ್ದು ತಂದೆಯ ಕಸುಬೂ ಇರುತ್ತದೆ. ಮದುವೆ ಪುಸ್ತಕದಲ್ಲಿ ಸಹಿಯ ಬದಲು ಗುಣಾಕಾರದ ಗುರುತಿದೆಯೆಂದು ಯಾರನ್ನೂ ಕೈಬಿಡಬೇಡಿ: ಮನೆಯ ಬಟ್ಟೆಗೆ ಗುರುತು ಹಾಕಲು ಸೂಜಿಯಲ್ಲಿ ಅಕ್ಷರ ಕಲಿತವಳಿಗೆ ಲೇಖನಿ ಹಿಡಿಯಲು ಬರುತ್ತಿತ್ತು ಎಂದೇನಿಲ್ಲ.

1841ರ ಜನಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿತ್ತು. 53ರವಳು 50 ಆಗಿರುತ್ತಾಳೆ. ಹುಟ್ಟಿದ ಪ್ಯಾರಿಷ್ ಸಿಗುವುದು 1851ರಿಂದ. ಅಮೆರಿಕದಲ್ಲಿ 1850ಕ್ಕೆ ಮುಂಚಿನ ಗಣತಿ ಯಜಮಾನನ ಹೆಸರನ್ನಷ್ಟೇ ಹೇಳುತ್ತದೆ, ಹುಡುಗಿ ಬರೀ ಒಂದು ಗೀಟು. ಅಲ್ಲಿ ಸ್ವಾತಂತ್ರ್ಯಕ್ಕಾಗಿ ನಡೆದ ಕ್ರಾಂತಿ ಯುದ್ಧದ ಪಿಂಚಣಿ ಕಡತಗಳನ್ನು ಬಿಡಬೇಡಿ. ಮದುವೆಗೂ ಮಕ್ಕಳಿಗೂ ಪುರಾವೆಯಾಗಿ, ಮನೆಯವರ ಜನನ, ಮದುವೆ ಬರೆದಿಟ್ಟ ಬೈಬಲಿನ ಹಾಳೆ ಹರಿದು ಕಳಿಸಿದವರಿದ್ದಾರೆ, ಮನೆಯ ಸ್ಯಾಂಪ್ಲರನ್ನೇ ಕಳಿಸಿದವರೂ ಇದ್ದಾರೆ.

ಕೊನೆಗೆ ಉಳಿದವರು ಇಬ್ಬರಾದರೆ ಇಬ್ಬರ ಹೆಸರನ್ನೂ ಬರೆಯಿರಿ. ಯಾವ ಮಾತು ಬಟ್ಟೆಯದು, ಯಾವುದು ದಾಖಲೆಯದು, ಯಾವುದು ಊಹೆ ಎಂದು ಬೇರೆ ಬೇರೆ ಸಾಲಿನಲ್ಲಿ, ಆಮ್ಲರಹಿತ ಕಾಗದದ ಮೇಲೆ, ಪೆನ್ಸಿಲ್‌ನಲ್ಲಿ. ಆ ಕಾಗದ ಲಕೋಟೆಯೊಳಗೆ ಚೌಕಟ್ಟಿನ ಹೊರಬೆನ್ನಿಗೆ ಇರಲಿ, ಬಟ್ಟೆಗೆ ತಾಗದಂತೆ.