ನಾಳೆಯ ವ್ಯಾನ್ ನಾಳೆಯೇ ಬರಬೇಕಾದರೆ: ಥಾಯ್ ಮಾತಿನಲ್ಲಿ ನನ್ನ ಅನುಭವ

ಬ್ಯಾಂಕಾಕಿಗೆ ಗುಂಪು ಕರೆದೊಯ್ಯುವ ನಮ್ಮಲ್ಲಿ ಹೆಚ್ಚಿನವರ ಥಾಯ್ "ಸವಾದೀ ಖ್ರಪ್", "ಥಾವ್ ರಾಯ್", "ಫೇಂಗ್ ಮಾಕ್" ಎಂಬಲ್ಲಿಗೆ ಮುಗಿಯುತ್ತದೆ. ನಮಸ್ಕಾರ, ಎಷ್ಟು, ತುಂಬಾ ದುಬಾರಿ. ಮಾರುಕಟ್ಟೆಗೆ ಅಷ್ಟು ಸಾಕು. ಆದರೆ ಪ್ರವಾಸ ನಡೆಸುವವನ ಮಾತೆಲ್ಲ ನಾಳೆಯದು, ನಾಡಿದ್ದಿನದು: ವ್ಯಾನ್ ಎಷ್ಟು ಹೊತ್ತಿಗೆ ಬರುತ್ತದೆ, ಊಟಕ್ಕೆ ಎಷ್ಟು ಜನ ಬರುತ್ತೇವೆ, ಮುಂದಿನ ತಿಂಗಳು ಕೋಣೆ ಸಿಗುತ್ತದೆಯೇ. ಇದನ್ನು ನಾನೇ ಕಲಿಯುತ್ತೇನೆ ಎಂದಾಗ ನಮ್ಮ ಮಾಲೀಕರು, "ನಲವತ್ತು ದಾಟಿದ ಮೇಲೆ ನಾಲಿಗೆ ಹೊರಳುವುದಿಲ್ಲ, ಸುಮ್ಮನೆ ದುಡ್ಡು ದಂಡ" ಎಂದಿದ್ದರು. ಈಗ ಹೊಸ ಹುಡುಗರನ್ನು ಅವರೇ ನನ್ನ ಬಳಿಗೆ ಕಳುಹಿಸುತ್ತಾರೆ.

ದುಡ್ಡು ದಂಡವಾದದ್ದಂತೂ ನಿಜ. ಬೆಂಗಳೂರಿನ ಸಂಜೆ ತರಗತಿಯೊಂದಕ್ಕೆ ಹದಿನೈದು ಹದಿನಾರು ಸಾವಿರ ಕಟ್ಟಿದೆ. ಅಲ್ಲಿ ಥಾಯ್ ಲಿಪಿಯ 44 ವ್ಯಂಜನಗಳನ್ನು ತಿದ್ದಿಸಿ ಮುಗಿಸುವಷ್ಟರಲ್ಲಿ ಕೋರ್ಸೇ ಮುಗಿದಿತ್ತು. ಆಮೇಲೆ ಬ್ಯಾಂಕಾಕಿನಲ್ಲಿ ಗಂಟೆಗೆ ಸುಮಾರು ಐನೂರು ಬಾತ್ ಕೊಟ್ಟು ಒಬ್ಬ ಮೇಡಂ ಬಳಿ ಕಲಿತೆ. ಚೆನ್ನಾಗಿ ಹೇಳಿಕೊಡುತ್ತಿದ್ದರು, ಆದರೆ ವಾಕ್ಯಗಳೆಲ್ಲ ಪಠ್ಯಪುಸ್ತಕದವು. ಮೊಬೈಲ್ ಆ್ಯಪ್‌ಗೆ ವರ್ಷದ ಚಂದಾ ಬೇರೆ. ಈ ಮೂರೂ ಕಡೆ ಭವಿಷ್ಯತ್ತಿನ ಪಾಠವೆಂದರೆ ಒಂದೇ ಸಾಲು: ಕ್ರಿಯಾಪದಕ್ಕೆ ಮೊದಲು "ಚ" ಸೇರಿಸಿ. ಪೈ ಎಂದರೆ ಹೋಗು, ಚ ಪೈ ಎಂದರೆ ಹೋಗುತ್ತೇನೆ. ವ್ಯಾಕರಣ ತಪ್ಪಲ್ಲ. ಆದರೆ ಅಷ್ಟನ್ನೇ ನಂಬಿ ಬಾಡಿಗೆಯ ಮುಂಗಡ ಕೊಡಲು ಹೋದರೆ ಕೈ ಸುಟ್ಟುಕೊಳ್ಳುತ್ತೀರಿ. ಏಕೆಂದರೆ ಯಾವ ಚಾಲಕನೂ ಬರಿಯ "ಚ" ಎಂದು ಮಾತಾಡುವುದಿಲ್ಲ.

ನನಗೆ ದಾರಿ ಸಿಕ್ಕಿದ್ದು ಇಂಗ್ಲಿಷನ್ನು ನಡುವಿನಿಂದ ತೆಗೆದುಹಾಕಿದಾಗ. ಕನ್ನಡದಲ್ಲಿ ನಾವು ಉದ್ದೇಶವನ್ನು ಎಷ್ಟು ಬಗೆಯಲ್ಲಿ ಹೇಳುತ್ತೇವೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡೆ, ಎದುರಿಗೆ ಥಾಯ್ ಹುಡುಕುತ್ತಾ ಹೋದೆ. "ಹೊರಟಿದ್ದೇನೆ" ಎನ್ನಲು ಕಮ್ಲಂಗ್ ಚ ಪೈ. "ಹೋಗಲೇಬೇಕೆಂದು ಮನಸ್ಸು ಮಾಡಿದ್ದೇನೆ" ಎನ್ನಲು ತಂಗ್ ಚೈ ಚ ಪೈ. ಆ ಚೈ ಎಂಬುದು ಮನಸ್ಸೇ. "ಹೋದರೂ ಹೋದೇನು" ಎಂಬುದಕ್ಕೆ ಆತ್ ಚ ಪೈ, "ಬಹುಶಃ ಹೋಗುತ್ತೇನೆ" ಎಂಬುದಕ್ಕೆ ಖೊಂಗ್ ಚ ಪೈ. ಖಂಡಿತವಾದರೆ ಕೊನೆಗೆ ನೇ ನೋನ್ ಸೇರಿಸುತ್ತಾರೆ. ಎಲ್ಲಕ್ಕಿಂತ ನನಗೆ ಖುಷಿ ಕೊಟ್ಟದ್ದು "ವಾ ಚ ಪೈ". ಈ ವಾ ನಮ್ಮ "ಎಂದು" ಮಾಡುವ ಕೆಲಸವನ್ನೇ ಮಾಡುತ್ತದೆ. ಹೋಗಬೇಕೆಂದಿದ್ದೇನೆ: ಇದಕ್ಕಿಂತ ನೇರವಾದ ಜೋಡಿ ಇನ್ನೊಂದಿಲ್ಲ. ನಮ್ಮಲ್ಲಿ "ಮದುವೆಗೆ ಬರಬೇಕೆಂದಿದ್ದೆ" ಎಂದವರು ಎಷ್ಟು ಜನ ಬಂದಿರುತ್ತಾರೋ, ವಾ ಚ ಎಂದವರೂ ಅಷ್ಟೇ ಬರುತ್ತಾರೆ.

ಇದನ್ನು ನಾನು ಕೆಲಸಕ್ಕೆ ಹಚ್ಚಿದ್ದು ಹೀಗೆ. ಹಿಂದಿನ ಸಂಜೆ ಚಾಲಕನಿಗೆ ಕರೆ ಮಾಡಿ, "ಫೀ, ಫ್ರುಂಗ್ ನೀ ಛಾವ್ ಚ ಮಾ ಮಾಯ್ ಖ್ರಪ್?" ಎನ್ನುತ್ತೇನೆ. ಅಣ್ಣ, ನಾಳೆ ಬೆಳಿಗ್ಗೆ ಬರುತ್ತೀರಾ? ವಯಸ್ಸಿನಲ್ಲಿ ಚಿಕ್ಕವರಾಗಿ ಕಂಡರೂ ಫೀ ಎನ್ನುತ್ತೇನೆ, ನಷ್ಟವೇನಿಲ್ಲ. ಉತ್ತರ "ಮಾ ಖ್ರಪ್", ಬರುತ್ತೇನೆ ಎಂದು ಬಂದರೆ ನೆಮ್ಮದಿಯಾಗಿ ಮಲಗುತ್ತೇನೆ. ಉತ್ತರದಲ್ಲಿ ಬರಿಯ "ಚ" ಎನ್ನಲಾಗದು, ಕ್ರಿಯಾಪದವನ್ನೇ ಹೇಳಬೇಕು. ಹೊಸಬರು ತಲೆಯಾಡಿಸಿ "ಚ, ಚ" ಎಂದು ನಗೆಪಾಟಲಾಗುತ್ತಾರೆ. "ಖೊಂಗ್ ಚ ಮಾ" ಎಂದರೆ ಇನ್ನೊಂದು ವ್ಯಾನಿಗೆ ಮಾತಾಡಿಟ್ಟಿರುತ್ತೇನೆ. "ಆತ್ ಚ" ಎಂದು ಕೇಳಿಸಿದ ಕೂಡಲೇ ಆ ಬಾಡಿಗೆಯ ಆಸೆ ಬಿಡುತ್ತೇನೆ. ಬ್ಯಾಂಕಾಕಿನಿಂದ ಹಳೆಯ ರಾಜಧಾನಿ ಆಯುತ್ಥಯಾ ಎಂಬತ್ತು ಕಿಲೋಮೀಟರ್ ಆಸುಪಾಸು, ಡಾಮ್ನೊನ್ ಸಾದುವಾಕ್‌ನ ತೇಲುವ ಸಂತೆ ಸುಮಾರು ನೂರು. ಬೆಳಿಗ್ಗೆ ಒಂದು ಗಂಟೆ ತಡವಾದರೆ ಸಂತೆಯ ಅರ್ಧ ಸೊಗಸು ಹೋದಂತೆಯೇ.

ಗಂಟೆಯ ವಿಷಯದಲ್ಲಿ ಆ್ಯಪ್ ಕಲಿಸುವುದು ರೈಲ್ವೆ ವೇಳಾಪಟ್ಟಿಯ ಇಪ್ಪತ್ತನಾಲ್ಕು ಗಂಟೆಯ ಲೆಕ್ಕ. ರಸ್ತೆಯಲ್ಲಿ ನಡೆಯುವುದು ಆರಾರು ಗಂಟೆಯ ಲೆಕ್ಕ. ಹಾ ಎಂದರೆ ಐದು. ಆದರೆ ತೀ ಹಾ ಬೆಳಗಿನ ಜಾವದ ಐದು, ಹಾ ಮೋಂಗ್ ಯೆನ್ ಸಂಜೆಯ ಐದು, ಹಾ ಥುಮ್ ರಾತ್ರಿ ಹನ್ನೊಂದು! ನಮ್ಮ ಸಹೋದ್ಯೋಗಿಯೊಬ್ಬರು ಪಟ್ಟಾಯದಲ್ಲಿ ಹಾ ಎಂಬುದನ್ನಷ್ಟೇ ಕೇಳಿಸಿಕೊಂಡರು. ಸಂಜೆ ಐದಕ್ಕೆ ಇಡೀ ಗುಂಪು ಸೂಟ್‌ಕೇಸ್ ಸಮೇತ ಹೋಟೆಲ್ ಬಾಗಿಲಲ್ಲಿ ನಿಂತಿತ್ತು, ವ್ಯಾನುಗಳು ಬರುವುದು ರಾತ್ರಿ ಹನ್ನೊಂದಕ್ಕೆ ಎಂದು ನಿಗದಿಯಾಗಿತ್ತು. ಸುವರ್ಣಭೂಮಿ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿಗಳಲ್ಲಿ ಓಡಬೇಕಾಯಿತು. ಒಂಬತ್ತು ಹತ್ತು ಸಾವಿರ ಬಾತ್ ಹೋಯಿತು ಎಂದು ನೆನಪು, ವ್ಯಾನುಗಳ ಮುಂಗಡ ಬೇರೆ. ಅಂದಿನಿಂದ ಗಂಟೆಯನ್ನು ಬಾಯಲ್ಲಿ ಹೇಳಿದ ಮೇಲೆ ಲೈನ್ ಎಂಬ ಮೆಸೇಜ್ ಆ್ಯಪ್‌ನಲ್ಲಿ ಅಂಕಿಯಲ್ಲೂ ಕಳುಹಿಸುವುದು ನಮ್ಮ ಕಡ್ಡಾಯ ಪದ್ಧತಿ.

ತಿಂಗಳುಗಳನ್ನು ಮಾತ್ರ ನಾನು ಒಂದೇ ಸಂಜೆಯಲ್ಲಿ ಬಾಯಿಪಾಠ ಮಾಡಿದೆ, ಮೇಡಂ ಬೆರಗಾದರು. ಅವರಿಗೆ ಗೊತ್ತಿರಲಿಲ್ಲ, ನಮ್ಮ ಮನೆಯಲ್ಲಿ ಪಂಚಾಂಗವಿದೆ ಎಂದು. ಮಕರಾಖೊಮ್ ಜನವರಿ, ಕುಂಫಾಫನ್ ಫೆಬ್ರವರಿ, ಮೀನಾಖೊಮ್ ಮಾರ್ಚ್, ಮೇಸಾಯೊನ್ ಏಪ್ರಿಲ್: ಹನ್ನೆರಡು ರಾಶಿಗಳು ಸಾಲಾಗಿ ಬರುತ್ತವೆ. ಖೊಮ್ ಎಂದು ಮುಗಿದರೆ 31 ದಿನ, ಯೊನ್ ಎಂದು ಮುಗಿದರೆ 30. ಅಲ್ಲಿನದು ಬೌದ್ಧ ಇಸವಿ, ನಮ್ಮ ಇಸವಿಗೆ 543 ಕೂಡಿಸಬೇಕು. 2025 ಅಲ್ಲಿ 2568. ಏಪ್ರಿಲ್ 13ರಿಂದ 15ರ ಥಾಯ್ ಹೊಸವರ್ಷ ಸೋಂಗ್‌ಕ್ರಾನ್‌ಗೆ ಚಾಲಕರು ಊರಿಗೆ ಹೊರಡುತ್ತಾರೆ. ಆದ್ದರಿಂದ ಫೆಬ್ರವರಿಯಲ್ಲೇ ಒಬ್ಬೊಬ್ಬರ ಯೋಜನೆಯನ್ನು ಕೇಳಿಟ್ಟುಕೊಳ್ಳುತ್ತೇನೆ.

ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ನನ್ನ ಇನ್ನೊಂದು ಪ್ರಯೋಗ. ಥಾಯ್ ಸರ್ಕಾರದ ರೋಮನ್ ಬರಹದಲ್ಲಿ ಭವಿಷ್ಯತ್ತಿನ ಚ, ಬೆಳಗಿನ ಛಾವ್ ಎರಡಕ್ಕೂ ಒಂದೇ ch. ನಮ್ಮಲ್ಲಿ ಅಲ್ಪಪ್ರಾಣ, ಮಹಾಪ್ರಾಣ ಎಂದು ಬೇರೆ ಮಾಡಿಟ್ಟಿರುವಾಗ ಸಾಲ ತರುವುದೇಕೆ? ಪದದ ಅರ್ಥವನ್ನೇ ಬದಲಿಸುವ ಐದು ಬಗೆಯ ದನಿಯ ಏರಿಳಿತಕ್ಕೆ ನಾನು ಮಾಡಿಕೊಂಡ ಗುರುತುಗಳಿವೆ, ಅವನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಕಿತ್ತಳೆ ರಸ ಮಾರುವ ಅಜ್ಜಿಯೊಬ್ಬರಿಗೆ ದಿನವೂ ನನ್ನ ಮರುದಿನದ ಯೋಜನೆ ಒಪ್ಪಿಸುತ್ತಿದ್ದೆ. ಅವರು ಹುಬ್ಬು ಗಂಟಿಕ್ಕಿದರೆ ಆ ವಾಕ್ಯವನ್ನು ಮತ್ತೆ ಮೇಡಂ ಬಳಿ ಒಯ್ಯುತ್ತಿದ್ದೆ. ಆ ರಸಕ್ಕೆ ಕೊಟ್ಟ ಹಣ ತರಗತಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಫಲ ಕೊಟ್ಟಿತು. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಜೈನ ಗುಂಪುಗಳಿಗೆ "ಫ್ರುಂಗ್ ನೀ ಥಿಯಂಗ್ ಚ ಮಾ ಸಾಮ್ ಸಿಪ್ ಖೊನ್, ಕಿನ್ ಚೇ", ನಾಳೆ ಮಧ್ಯಾಹ್ನ ಮೂವತ್ತು ಜನ ಬರುತ್ತೇವೆ, ಚೇ ಊಟ (ಮಾಂಸ, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ್ದು) ಎಂದು ಚೇ ಗುರುತಿನ ಹಳದಿ ಬಾವುಟದ ಅಂಗಡಿಗಳಿಗೆ ಮೊದಲೇ ಹೇಳಿಡುತ್ತೇನೆ. ನೆಲದಡಿಯ ಗಡ್ಡೆಗಳ ಮಾತನ್ನು ಮಾತ್ರ ಬೇರೆಯಾಗಿ ಹೇಳಬೇಕು. ಮಂಗ್ಸವಿರತ್, ಅಂದರೆ ಬರಿಯ ಸಸ್ಯಾಹಾರ ಎಂದುಬಿಟ್ಟರೆ ಮೊಟ್ಟೆ ಬರಬಹುದು, ಬೆಳ್ಳುಳ್ಳಿಯಂತೂ ಬಂದೇ ಬರುತ್ತದೆ.

ಪರವಾನಗಿಯ ಥಾಯ್ ಗೈಡ್ ನಮಗೆ ಬೇಕೇ ಬೇಕು, ಆ ಕೆಲಸ ಅವರ ಪ್ರಜೆಗಳಿಗೆ ಮೀಸಲು. ಉಳಿತಾಯವಾದದ್ದು, ಏರ್ಪಾಟು ನೋಡಿಕೊಳ್ಳಲು ಇಟ್ಟುಕೊಳ್ಳುತ್ತಿದ್ದ ಸ್ಥಳೀಯರ ಸಂಬಳ; ದಿನಕ್ಕೆ ಸಾವಿರದ ಐನೂರು ಬಾತ್ ಆಸುಪಾಸು. ನಾನು ಕಲಿಯಲು ಖರ್ಚು ಮಾಡಿದ್ದೆಲ್ಲ ಒಂದೇ ಹಂಗಾಮಿನಲ್ಲಿ ವಾಪಸು ಬಂತು. ಮುಂಗಡವನ್ನು ಅರ್ಧಕ್ಕೆ ಇಳಿಸುವ ಒಂದು ಮಾತೂ ನನ್ನಲ್ಲಿದೆ, ಅದು ಈ ಬರಹದಲ್ಲಿ ಬರುವುದಿಲ್ಲ.

ಈಗ ನನ್ನ ತಲೆ ತಿನ್ನುತ್ತಿರುವುದು ಈಸಾನ್. ನನ್ನ ಚಾಲಕರಲ್ಲಿ ಬಹುಪಾಲು ಈಶಾನ್ಯದ ಆ ಸೀಮೆಯವರು, ತಮ್ಮ ತಮ್ಮಲ್ಲಿ ಮಾತಾಡುವಾಗ ಚ ಬಿಟ್ಟು "ಸಿ" ಎನ್ನುತ್ತಾರೆ. "ಸಿ ಪೈ ಸೈ?" ಅಂದರೆ ಎಲ್ಲಿಗೆ ಹೋಗುತ್ತೀಯ. ಮೊನ್ನೆ ವ್ಯಾನಿನ ಹಿಂದೆ ನಿಂತು ಇಬ್ಬರು ಮರುದಿನದ ಬಾಡಿಗೆಯ ಬಗ್ಗೆ ಸಿ, ಸಿ ಎಂದು ಮಾತಾಡಿಕೊಳ್ಳುತ್ತಿದ್ದರು. ಅರ್ಧ ಅರ್ಥವಾಯಿತು. ಆ ಅರ್ಧಕ್ಕೇ ಇನ್ನೂರು ಬಾತ್ ಉಳಿಯಿತು.