ಕನ್ನಡಕ ಬಿಡಿಸುವ ಲೇಸರ್: ತಯಾರಿ ಹೇಗೆ, ಆಮೇಲಿನ ಆರೈಕೆ ಹೇಗೆ?

ಲೇಸರ್ ಚಿಕಿತ್ಸೆಗೆ ಹಿಡಿಯುವ ಹೊತ್ತು ತೀರಾ ಕಡಿಮೆ. ಸಾಮಾನ್ಯವಾಗಿ ಎರಡೂ ಕಣ್ಣು ಸೇರಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಆದರೂ ಜನ ಆ ಅರ್ಧ ಗಂಟೆಗೇ ಹೆದರುತ್ತಾರೆ, ಅದಕ್ಕೆ ಮುಂಚಿನ ಪರೀಕ್ಷೆಗಳನ್ನು ಹಗುರವಾಗಿ ನೋಡುತ್ತಾರೆ. ನಿಜಕ್ಕೂ ಗಮನ ಕೊಡಬೇಕಾದ್ದು ಆ ಪರೀಕ್ಷೆಗಳಿಗೆ.

ಮೊದಲು ಪವರ್ ನಿಲ್ಲಲಿ

ವಯಸ್ಸು ಕನಿಷ್ಠ 18 ದಾಟಿರಬೇಕು. ಕಳೆದ ಒಂದು ವರ್ಷದಲ್ಲಿ ಪವರ್ 0.5ಕ್ಕಿಂತ ಹೆಚ್ಚು ಬದಲಾಗಿರಬಾರದು. ಹಳೆಯ ಚೀಟಿಗಳನ್ನು ತೆಗೆದು ಹೋಲಿಸಿ ನೋಡಿ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಕಾಯುವುದು ಒಳ್ಳೆಯದು. ಆ ದಿನಗಳಲ್ಲಿ ಪವರ್ ಏರುಪೇರಾಗುತ್ತದೆ.

ಕಾಂಟ್ಯಾಕ್ಟ್ ಲೆನ್ಸ್ ಬಿಡಿ

ಅಳತೆ ತೆಗೆಯುವ ಮೊದಲು ಮೆತ್ತನೆಯ ಲೆನ್ಸನ್ನು ಸುಮಾರು ಎರಡು ವಾರ ಬಿಡಬೇಕು. ಗಟ್ಟಿ ಲೆನ್ಸ್ ಆದರೆ ಮೂರು ವಾರ ಅಥವಾ ಇನ್ನೂ ಜಾಸ್ತಿ. ‘ಒಂದು ದಿನ ಹಾಕಿಕೊಂಡರೆ ಏನಾಗುತ್ತೆ’ ಅನ್ನಬೇಡಿ. ಲೆನ್ಸ್ ಒತ್ತಿ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಆಕಾರ ತುಸು ಬದಲಾಗಿರುತ್ತದೆ. ಅಳತೆ ತಪ್ಪಿದರೆ ಲೇಸರ್ ಆ ತಪ್ಪು ಅಳತೆಯಂತೆಯೇ ಕೆಲಸ ಮಾಡುತ್ತದೆ.

ಕಾರ್ನಿಯಾದ ಲೆಕ್ಕ

ಪವರ್ ಇಳಿಸಲು ಲೇಸರ್ ಕೆತ್ತುವುದು ಕಾರ್ನಿಯಾವನ್ನೇ. ನಡುವಿನಲ್ಲಿ ಅದರ ದಪ್ಪ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ಲಾಸಿಕ್ ಎಂಬ ಲೇಸರ್ ವಿಧಾನದಲ್ಲಿ ಮೇಲಿನ ಸುಮಾರು 110 ಮೈಕ್ರಾನ್ ಪದರವನ್ನು ಮುಚ್ಚಳದಂತೆ ಎತ್ತುತ್ತಾರೆ. ಒಂದು ಪವರ್ ಇಳಿಸಲು ಅದರ ಕೆಳಗಿನಿಂದ ಲೇಸರ್ ಅಂದಾಜು 15 ಮೈಕ್ರಾನ್ ತೆಗೆಯುತ್ತದೆ. ಮೈನಸ್ 6 ಇದ್ದರೆ 90 ಹೋಯಿತು. ಮುಚ್ಚಳದ ಕೆಳಗೆ 340 ಉಳಿಯಿತು. ಕನಿಷ್ಠ 250 ಉಳಿಯಬೇಕು ಅನ್ನುವುದು ಹಳೆಯ ಲೆಕ್ಕ. ಎಷ್ಟೋ ವೈದ್ಯರು ಇನ್ನೂ ಜಾಸ್ತಿ ಕೇಳುತ್ತಾರೆ. ಈಗ ಕಾರ್ನಿಯಾ 480, ಪವರ್ ಮೈನಸ್ 8 ಎಂದುಕೊಳ್ಳಿ. ಉಳಿಯುವುದು ಬರೀ 250, ಗಡಿಯ ಮೇಲೇ ಬಂದು ನಿಂತಿತು.

ದಪ್ಪದ ಜೊತೆ ಆಕಾರವನ್ನೂ ನೋಡುತ್ತಾರೆ. ಕಾರ್ನಿಯಾ ಶಂಕುವಿನಂತೆ ಉಬ್ಬುವ ಕೆರಟೋಕೋನಸ್‌ನ ಸುಳಿವಿದ್ದರೆ ಲಾಸಿಕ್ ಬೇಡವೇ ಬೇಡ. ದುರ್ಬಲ ಕಾರ್ನಿಯಾವನ್ನು ಇನ್ನಷ್ಟು ತೆಳುವಾಗಿಸಿದರೆ ದೃಷ್ಟಿಯೇ ಕೆಡಬಹುದು. ಕಣ್ಣೀರು ಸಾಕಷ್ಟಿದೆಯಾ, ಕಣ್ಣಿನ ಹಿಂಭಾಗದ ಪದರವಾದ ರೆಟಿನಾ ಗಟ್ಟಿಯಿದೆಯಾ ಎಂಬ ಪರೀಕ್ಷೆಗಳೂ ಇವೆ. ಇಷ್ಟೆಲ್ಲ ನೋಡಿ ‘ನಿಮಗಿದು ಬೇಡ’ ಎಂದ ವೈದ್ಯರು ನಿಮಗೆ ಉಪಕಾರವನ್ನೇ ಮಾಡಿದ್ದಾರೆ. ‘ಮಾಡೋಣ’ ಎನ್ನುವವರು ಸಿಗುವ ತನಕ ಆಸ್ಪತ್ರೆ ಬದಲಿಸುವುದು ಕೆಟ್ಟ ಉಪಾಯ.

ಮುಚ್ಚಳ ಎತ್ತದ ವಿಧಾನಗಳೂ ಇವೆ. ಪಿಆರ್‌ಕೆಯಲ್ಲಿ ಮೇಲಿನ ತೆಳು ಪೊರೆಯನ್ನಷ್ಟೇ ತೆಗೆದು ಲೇಸರ್ ಹಾಯಿಸುತ್ತಾರೆ. ಆ ಪೊರೆ ಮತ್ತೆ ಬೆಳೆಯುತ್ತದೆ, ಆದರೆ ಕೆಲವು ದಿನ ನೋವಿರುತ್ತದೆ. ಸ್ಮೈಲ್‌ನಲ್ಲಿ ಲೇಸರ್ ಕತ್ತರಿಸಿದ ಒಳಗಿನ ಚೂರನ್ನು ಸಣ್ಣ ಸೀಳಿನ ಮೂಲಕ ಹೊರತೆಗೆಯುತ್ತಾರೆ.

ಆ ದಿನ

ಮೇಕಪ್, ಸೆಂಟು ಬೇಡ. ಮನೆಗೆ ಕರೆದೊಯ್ಯಲು ಒಬ್ಬರು ಜೊತೆಗಿರಲಿ. ಮರಗಟ್ಟಿಸುವ ಡ್ರಾಪ್ಸ್ ಹಾಕುತ್ತಾರೆ, ಚುಚ್ಚುಮದ್ದು ಇಲ್ಲ. ಲಾಸಿಕ್‌ನಲ್ಲಿ ಕಣ್ಣನ್ನು ಹಿಡಿದಿಡುವ ಉಂಗುರ ಒತ್ತಿದಾಗ ಕೆಲವು ಕ್ಷಣ ಕತ್ತಲಾಗಬಹುದು, ಗಾಬರಿಯಾಗಬೇಡಿ. ತೋರಿಸಿದ ಬೆಳಕನ್ನೇ ನೋಡುತ್ತಿರಿ. ಕಣ್ಣು ತುಸು ಮಿಸುಕಿದರೆ ಯಂತ್ರ ಅದನ್ನು ಹಿಂಬಾಲಿಸುತ್ತದೆ, ಜಾಸ್ತಿ ಸರಿದರೆ ನಿಲ್ಲುತ್ತದೆ.

ಸುಟ್ಟಂಥ ವಾಸನೆ ಬಂದರೂ ಕಣ್ಣೇನೂ ಸುಡುತ್ತಿರುವುದಿಲ್ಲ. ಇಲ್ಲಿ ಬಳಸುವ ಎಕ್ಸೈಮರ್ ಲೇಸರ್ ಅಕ್ಕಪಕ್ಕವನ್ನು ಕಾಯಿಸದೆ ಅಣುಗಳ ಬೆಸುಗೆಯನ್ನಷ್ಟೇ ಬಿಡಿಸುತ್ತದೆ. 1981ರಲ್ಲಿ ಐಬಿಎಂ ಕಂಪನಿಯ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಇದನ್ನು ಪರೀಕ್ಷಿಸಿದ್ದು ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ಮೇಲೆ!

ಆಮೇಲೆ

ಮನೆಗೆ ಹೋಗಿ ಮಲಗಿ. ಕೆಲವು ಗಂಟೆ ಕಣ್ಣು ಉರಿಯುತ್ತದೆ, ಮರಳು ಬಿದ್ದಂತಾಗುತ್ತದೆ. ಉಜ್ಜಲೇಬೇಡಿ, ಮುಚ್ಚಳ ಜರುಗಬಹುದು. ಕೊಟ್ಟ ರಕ್ಷಾಕವಚವನ್ನು ಮಲಗುವಾಗ ಕಟ್ಟಿಕೊಳ್ಳಿ. ಈಜು ಕೆಲವು ವಾರ ಬೇಡ. ಸ್ಟೀರಾಯ್ಡ್ ಡ್ರಾಪ್ಸನ್ನು ಹೇಳಿದ್ದಕ್ಕಿಂತ ಹೆಚ್ಚು ದಿನ ಸುಮ್ನೆ ಹಾಕುತ್ತಾ ಹೋಗಬೇಡಿ, ಕಣ್ಣಿನ ಒತ್ತಡ ಏರಬಹುದು. ಒಣಗಿದಂತಾಗುವುದು, ರಾತ್ರಿ ದೀಪದ ಸುತ್ತ ಬೆಳಕಿನ ಬಳೆ ಕಾಣುವುದು ಕೆಲವು ತಿಂಗಳು ಇರಬಹುದು. ಆದರೆ ನೋವು ಏರುತ್ತಾ ಹೋದರೆ ಅಥವಾ ದೃಷ್ಟಿ ದಿಢೀರನೆ ಮಂಜಾದರೆ ಅಂದೇ ವೈದ್ಯರ ಬಳಿ ಹೋಗಿ.

ಪವರ್ ಹೋಯಿತೆಂದು ಕಣ್ಣಿನ ಪರೀಕ್ಷೆ ನಿಲ್ಲಿಸುವವರಿದ್ದಾರೆ. ಮೈನಸ್ ಪವರ್‌ನ ಕಣ್ಣುಗುಡ್ಡೆ ಸಾಮಾನ್ಯವಾಗಿ ಉದ್ದವಾಗಿರುತ್ತದೆ. ಲೇಸರ್ ಅದನ್ನು ಗಿಡ್ಡ ಮಾಡುವುದಿಲ್ಲ, ರೆಟಿನಾ ಕಳಚುವ ಅಪಾಯ ಹಾಗೇ ಇರುತ್ತದೆ. ವರ್ಷಕ್ಕೊಮ್ಮೆ ತೋರಿಸಿ. ಮಿಂಚು ಹೊಡೆದಂತೆ, ಪರದೆ ಇಳಿದಂತೆ ಕಂಡರೆ ಕಾಯಬೇಡಿ. ನಲವತ್ತು ದಾಟಿದ ಮೇಲೆ ಚಾಳೀಸು ಬರುವುದೂ ತಪ್ಪುವುದಿಲ್ಲ. ಅದು ಒಳಗಿನ ಮಸೂರ ಬಿಗಿಯಾಗುವುದರಿಂದ ಬರುತ್ತದೆ.

ಚಿಕಿತ್ಸೆಗೆ ಮುಂಚಿನ ಪವರ್, ಕಾರ್ನಿಯಾದ ಅಳತೆಯ ಕಾಗದಗಳನ್ನು ಜೋಪಾನವಾಗಿಡಿ, ಫೋಟೊ ತೆಗೆದು ಮನೆಯವರಿಗೂ ಕಳಿಸಿ. ಮುಂದೆ ಕಣ್ಣಿನ ಪೊರೆ ಬಂದಾಗ ಒಳಗೆ ಯಾವ ಲೆನ್ಸ್ ಇಡಬೇಕೆಂದು ಲೆಕ್ಕ ಹಾಕಲು ಅವು ನೆರವಾಗುತ್ತವೆ. ಕಾರ್ನಿಯಾ ತೆಳುವಾದ್ದರಿಂದ ಕಣ್ಣಿನ ಒತ್ತಡವೂ ಇರುವುದಕ್ಕಿಂತ ಕಡಿಮೆ ತೋರಬಹುದು. ಹೊಸ ವೈದ್ಯರ ಬಳಿ ಹೋದಾಗಲೆಲ್ಲ ‘ಲೇಸರ್ ಆಗಿದೆ’ ಎಂದು ಮೊದಲೇ ಹೇಳಿಬಿಡಿ.